ಪೆಟ್ಟಿಗೆಯಿಲ್ಲದ ಆಟಿಕೆ

1880ರ ದಶಕದಲ್ಲಿ ಜರ್ಮನಿಯ ರಿಕ್ಟರ್ ಕಂಪನಿ ಮರಳು, ಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸಿ ಆಟದ ಇಟ್ಟಿಗೆ ಮಾಡಿತು. ಅವು ಒಂದರ ಮೇಲೊಂದು ಕೂರುತ್ತಿದ್ದವು, ಕಚ್ಚಿಕೊಳ್ಳುತ್ತಿರಲಿಲ್ಲ. ಗಟ್ಟಿಯಾಗಿ ಕಚ್ಚಿಕೊಳ್ಳುವ ಈಗಿನ ಲೆಗೊ ಇಟ್ಟಿಗೆ ಬಂದದ್ದು 1958ರಲ್ಲಿ, ಡೆನ್ಮಾರ್ಕ್‌ನಿಂದ. ಅಂದಿನ ಇಟ್ಟಿಗೆ ಇಂದಿನದಕ್ಕೂ ಕೂಡುತ್ತದೆ. ಹಳೆಯ ಸೆಟ್ಟುಗಳನ್ನು ಪೆಟ್ಟಿಗೆ ಸಮೇತ ಜೋಪಾನ ಮಾಡುವವರಿದ್ದಾರೆ.

ನಮ್ಮ ಜವಳಗೇರಾ ಸೀಮೆಯಲ್ಲಿ ಕಚ್ಚಿಕೊಳ್ಳುವ ಗುಣ ಎರಿಮಣ್ಣಿಗೇ ಇದೆ. ಬೆಂಕಿಪೊಟ್ಟಣದಲ್ಲಿ ಹಸಿಮಣ್ಣು ಒತ್ತಿ ಇಟ್ಟಿಗೆ ಮಾಡಿದವರು ನಾವು. ಮಣ್ಣೆತ್ತಿನ ಅಮಾವಾಸ್ಯೆಗೆ ಅದೇ ಮಣ್ಣು ಜೋಡೆತ್ತಾಗುತ್ತದೆ, ಗ್ವಾದಲಿಯಾಗುತ್ತದೆ; ಹಬ್ಬ ಮುಗಿದ ಮೇಲೆ ನೀರಿಗೆ ಹೋಗುತ್ತದೆ.

ಆಟಿಕೆಗಳ ಚರಿತ್ರೆ ಉಳಿದದ್ದನ್ನು ಎಣಿಸುತ್ತದೆ. ನಮ್ಮದು ವರ್ಷವರ್ಷವೂ ಕರಗಿತು. ಈಗ ಬಜಾರಿನಲ್ಲಿ ಅಚ್ಚಿನ ಎತ್ತು ಸಿಗುತ್ತವೆ. ಮಣ್ಣಿನ ಹದ ಗೊತ್ತಿರುವುದು ಅಜ್ಜಿಯರ ಕೈಗೆ. ಆ ಕೈಗಳಿರುವಾಗಲೇ ಕೇಳಿ ಬರೆದಿಡಬೇಕು. ನಮಗಿರುವ ಪೆಟ್ಟಿಗೆ ಅದೊಂದೇ.