ಲೇಬಲ್ಲಿನ ಮೇಲಿಲ್ಲದ ಹೆಸರುಗಳು: ಜಿಮಿ ರಾಡ್ಜರ್ಸ್ ಮತ್ತು ಕಂಟ್ರಿ ಸಂಗೀತದ ಮೊದಲ ಅಧ್ಯಾಯ

ಅಮೆರಿಕದ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ 1961ರಲ್ಲಿ ತನ್ನ ಮೊದಲ ಗೌರವವನ್ನು ಮೂವರಿಗೆ ಸಲ್ಲಿಸಿತು. ಜಿಮಿ ರಾಡ್ಜರ್ಸ್, ಹ್ಯಾಂಕ್ ವಿಲಿಯಮ್ಸ್, ಫ್ರೆಡ್ ರೋಸ್. ಮೂವರೂ ಆಗ ಬದುಕಿರಲಿಲ್ಲ. ಅವರಲ್ಲಿ ಎಲ್ಲರಿಗಿಂತ ಮೊದಲು, 28 ವರ್ಷಗಳ ಹಿಂದೆಯೇ ತೀರಿಕೊಂಡಿದ್ದ ರಾಡ್ಜರ್ಸ್‌ನನ್ನು ಇಂದಿಗೂ ‘ಕಂಟ್ರಿ ಸಂಗೀತದ ಪಿತಾಮಹ’ ಎಂದು ಕರೆಯುತ್ತಾರೆ. ಆತ ದೊಡ್ಡ ಗಾಯಕ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ತಕರಾರಿರುವುದು ‘ಪಿತಾಮಹ’ ಎಂಬ ಪದದ ಬಗ್ಗೆ. ಆ ಪದ ಬಳಸಿದ ಕೂಡಲೇ ಒಂದು ಬೇರು, ಒಂದು ವಂಶ, ಒಂದು ಜನಾಂಗ ಕಣ್ಣ ಮುಂದೆ ಬರುತ್ತದೆ: ದಕ್ಷಿಣದ ಗುಡ್ಡಗಾಡಿನ ಬಿಳಿಯ ರೈತರ ಶುದ್ಧ ಜಾನಪದ. ರಾಡ್ಜರ್ಸ್‌ನ ಬದುಕನ್ನೂ ಧ್ವನಿಮುದ್ರಣದ ದಾಖಲೆಗಳನ್ನೂ ಜೊತೆಗಿಟ್ಟು ನೋಡಿದರೆ ಆ ಶುದ್ಧತೆ ಎಲ್ಲೂ ಕಾಣುವುದಿಲ್ಲ. ಕಾಣುವುದು ಹಲವರು ಕೂಡಿ ಕಟ್ಟಿದ ಹಾಡು, ಅದರ ಮೇಲೆ ಒಬ್ಬನದೇ ಹೆಸರು.

ಆಕರಗಳ ಬಗ್ಗೆ ಒಂದು ಮಾತು. ರಾಡ್ಜರ್ಸ್‌ನ ಹೆಂಡತಿ ಕ್ಯಾರಿ 1935ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕ ಮೊದಲನೆಯದು. ಅದರಲ್ಲಿ ಪ್ರೀತಿ ಹೆಚ್ಚು, ತೇದಿಗಳು ಕಡಿಮೆ. ಎರಡನೆಯದು 1979ರಲ್ಲಿ ಬಂದ ನೋಲನ್ ಪೋರ್ಟರ್‌ಫೀಲ್ಡ್ ಅವರ ಜೀವನಚರಿತ್ರೆ. ದಂತಕತೆಯನ್ನೂ ದಾಖಲೆಯನ್ನೂ ಬೇರ್ಪಡಿಸುವ ಕೆಲಸ ನಿಜವಾಗಿ ಶುರುವಾದದ್ದು ಅಲ್ಲಿಂದ. ಮೂರನೆಯದು ಆತನ ಹಾಡುಗಳನ್ನು ಹೊರತಂದ ವಿಕ್ಟರ್ ಕಂಪನಿಯ ಧ್ವನಿಮುದ್ರಣದ ಲೆಕ್ಕಪುಸ್ತಕ: ಯಾವ ದಿನ, ಯಾವ ಊರು, ಯಾವ ವಾದ್ಯ ಎಂಬ ಒಣ ಟಿಪ್ಪಣಿಗಳು. ನನ್ನ ಮಟ್ಟಿಗೆ ಈ ಮೂರನೆಯದೇ ಹೆಚ್ಚು ಮಾತಾಡುವ ಆಕರ.

ರಾಡ್ಜರ್ಸ್ ಹುಟ್ಟಿದ್ದು 1897ರ ಸೆಪ್ಟೆಂಬರ್ 8ರಂದು. ಊರು ಮಿಸಿಸಿಪಿಯ ಮೆರಿಡಿಯನ್ ಎಂಬುದು ರೂಢಿಯ ಮಾತು. ನೆರೆಯ ಅಲಬಾಮಾದ ಗೈಗರ್ ಎಂದು ವಾದಿಸುವವರೂ ಇದ್ದಾರೆ. ಆತನ ಎಳವೆಯಲ್ಲೇ ತಾಯಿ ಹೋದರು. ತಂದೆ ಆರನ್ ರೈಲು ಹಳಿ ದುರಸ್ತಿ ಮಾಡುವ ತಂಡದ ಮೇಸ್ತ್ರಿ. ಹುಡುಗ ಹದಿಮೂರರ ಸುಮಾರಿಗೆ ಹಾಡಿನ ಸ್ಪರ್ಧೆಯೊಂದನ್ನು ಗೆದ್ದು, ಊರೂರು ತಿರುಗುತ್ತಾ ಔಷಧಿ ಮಾರುವ ಮೇಳದ ಜೊತೆ ಓಡಿಹೋದ. ತಂದೆ ಹಿಡಿದು ತಂದು ಹಳಿಯ ಕೆಲಸಕ್ಕೆ ಹಚ್ಚಿದರು. ಮೆರಿಡಿಯನ್ ಸುತ್ತಮುತ್ತ ಆ ಹಳಿಗಳನ್ನು ಎತ್ತಿ, ಸರಿಸಿ, ಕೂರಿಸುತ್ತಿದ್ದ ಗ್ಯಾಂಗ್‌ಮನ್‌ಗಳು ಬಹುಪಾಲು ಕಪ್ಪು ಜನ. ಭಾರದ ಕಬ್ಬಿಣವನ್ನು ಹತ್ತಾರು ಕೈಗಳು ಒಂದೇ ಕ್ಷಣಕ್ಕೆ ಮೀಟಬೇಕಾದರೆ ಲಯ ಬೇಕು. ಒಬ್ಬ ಹಾಡು ಎತ್ತಿಕೊಡುತ್ತಾನೆ, ಉಳಿದವರು ದನಿಗೂಡಿಸಿ ಹಾರೆ ಒತ್ತುತ್ತಾರೆ. ಅವರಿಗೆ ನೀರು ಹೊತ್ತುಕೊಡುತ್ತಿದ್ದ ಹುಡುಗ ಹಾಡನ್ನೂ ಬ್ಯಾಂಜೊ, ಗಿಟಾರುಗಳ ಮೊದಲ ಪಾಠವನ್ನೂ ಅವರಿಂದಲೇ ಪಡೆದ ಎಂದು ಜೀವನಚರಿತ್ರೆಗಳು ಹೇಳುತ್ತಾ ಬಂದಿವೆ. ಅದನ್ನು ನಂಬಲು ಆತನ ಹಾಡುಗಾರಿಕೆಯೇ ಸಾಕು. ಅವನಿಗೆ ಕಲಿಸಿದವರಲ್ಲಿ ಒಬ್ಬರ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ಮುಂದೆ ಆತ ಬ್ರೇಕ್‌ಮನ್ ಆದ. ಓಡುವ ಗಾಡಿಯ ಬ್ರೇಕು ನೋಡಿಕೊಳ್ಳುವುದು, ಬೋಗಿಗಳನ್ನು ಜೋಡಿಸುವುದು, ಬಿಡಿಸುವುದು ಆ ಕೆಲಸ. 1920ರಲ್ಲಿ ಕ್ಯಾರಿ ವಿಲಿಯಮ್ಸನ್ ಜೊತೆ ಮದುವೆಯಾಯಿತು. 1923ರ ಕೊನೆಗೆ ಎರಡನೆಯ ಮಗಳು ಜೂನ್ ಹಸುಗೂಸಾಗಿಯೇ ತೀರಿಕೊಂಡಳು. ಮರುವರ್ಷ ಆತ ರಕ್ತ ಕಾರಿದ. ಕ್ಷಯ ಎಂದು ವೈದ್ಯರು ಹೇಳಿದರು. ಸ್ಟ್ರೆಪ್ಟೊಮೈಸಿನ್ ಸಿಗಲು ಇನ್ನೂ ಎರಡು ದಶಕ ಕಾಯಬೇಕಿತ್ತು. ವಿಶ್ರಾಂತಿ, ಒಳ್ಳೆಯ ಗಾಳಿ, ಒಳ್ಳೆಯ ಊಟ, ಅಂದಿನ ಚಿಕಿತ್ಸೆ ಇಷ್ಟೇ. ಈ ಮೂರೂ ಬಡ ರೈಲು ಕೂಲಿಯ ಕೈಗೆ ಎಟುಕುವಂಥವಲ್ಲ. ರೋಗ ಆತನನ್ನು ಹಳಿಯಿಂದ ಹಂತಹಂತವಾಗಿ ಇಳಿಸಿ ಹಾಡಿನ ಕಡೆ ತಳ್ಳಿತು. ಆಗಿನ ಡೇರೆ ಮೇಳಗಳಲ್ಲಿ, ಔಷಧಿ ಮೇಳಗಳಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಪ್ರದರ್ಶನ ಸಾಮಾನ್ಯವಾಗಿತ್ತು. ರಾಡ್ಜರ್ಸ್ ಕೂಡ ಆ ವೇಷ ಹಾಕಿದ್ದ. ತನಗೆ ಹಾಡು ಕೊಟ್ಟವರನ್ನೇ ಅಣಕಿಸುವ ವೇಷ ಅದು. ಆತನ ಬಗ್ಗೆ ಅಭಿಮಾನದಿಂದ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಬಿಡಬಾರದು.

1927ರಲ್ಲಿ ಬೆಟ್ಟದ ಗಾಳಿ ಶ್ವಾಸಕೋಶಕ್ಕೆ ಒಳ್ಳೆಯದೆಂದು ಉತ್ತರ ಕ್ಯಾರೊಲೈನಾದ ಆಶ್‌ವಿಲ್‌ಗೆ ಬಂದ. ಅಲ್ಲಿನ ರೇಡಿಯೊ ನಿಲಯದಲ್ಲಿ ಟೆನ್ನೀವಾ ರ್‍ಯಾಂಬ್ಲರ್ಸ್ ಎಂಬ ತಂತಿವಾದ್ಯದ ತಂಡವನ್ನು ಜೊತೆ ಮಾಡಿಕೊಂಡು ಕೆಲಕಾಲ ಹಾಡಿದ. ಅದೇ ಬೇಸಿಗೆಯಲ್ಲಿ ವಿಕ್ಟರ್ ಕಂಪನಿಗಾಗಿ ರಾಲ್ಫ್ ಪಿಯರ್ ಬ್ರಿಸ್ಟಲ್ ಎಂಬ ಊರಿಗೆ ಧ್ವನಿಮುದ್ರಣ ಯಂತ್ರ ತಂದಿರುವ ಸುದ್ದಿ ಸಿಕ್ಕಿತು. ಬ್ರಿಸ್ಟಲ್ ವಿಚಿತ್ರವಾದ ಊರು. ಅದರ ಮುಖ್ಯ ಬೀದಿಯ ನಡುವೆಯೇ ಟೆನ್ನೆಸ್ಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿ ಹಾಯುತ್ತದೆ. ಆ ಬೀದಿಯಲ್ಲಿ ಟೋಪಿ ವ್ಯಾಪಾರಿಯ ಕಟ್ಟಡದ ಮಹಡಿಯಲ್ಲಿ ಪಿಯರ್ ಜುಲೈ 25ರಿಂದ ಆಗಸ್ಟ್ 5ರವರೆಗೆ 19 ತಂಡಗಳ 76 ಹಾಡುಗಳನ್ನು ಮುದ್ರಿಸಿಕೊಂಡ. ಮುಂದೆ ಕಂಟ್ರಿ ಸಂಗೀತದಲ್ಲಿ ದೊಡ್ಡ ಹೆಸರಾದ ಕಾರ್ಟರ್ ಕುಟುಂಬ ಮೊದಲ ಬಾರಿಗೆ ಮುದ್ರಣಕ್ಕೆ ಹಾಡಿದ್ದೂ ಅಲ್ಲೇ, ಆಗಸ್ಟ್ 1 ಮತ್ತು 2ರಂದು.

ರಾಡ್ಜರ್ಸ್‌ನ ತಂಡ ಮುದ್ರಣದ ಹಿಂದಿನ ರಾತ್ರಿಯೇ ಒಡೆಯಿತು. ರೆಕಾರ್ಡಿನ ಮೇಲೆ ಯಾರ ಹೆಸರು ಹಾಕಬೇಕು ಎಂಬುದೇ ಜಗಳ. ತಂಡದವರು ತಮ್ಮ ಪಾಡಿಗೆ ಬೇರೆ ಹಾಡಿದರು. ಆಗಸ್ಟ್ 4ರಂದು ರಾಡ್ಜರ್ಸ್ ಒಬ್ಬನೇ ಗಿಟಾರು ಹಿಡಿದು ಎರಡು ಹಾಡು ಹಾಡಿದ: ಯುದ್ಧಕ್ಕೆ ಹೋದ ಸೈನಿಕನ ಪ್ರೇಯಸಿಯದೊಂದು, ಹಳೆಯ ಜೋಗುಳವೊಂದು. ಆ ಮೆಲುದನಿಯ ಹಾಡು ತಟ್ಟೆಗೆ ಇಳಿಯಲು ಯಂತ್ರವೂ ಬದಲಾಗಿರಬೇಕಿತ್ತು. ಎರಡೇ ವರ್ಷ ಹಿಂದೆ, ಕೊಳವೆಯೊಳಗೆ ಗಟ್ಟಿಯಾಗಿ ಕೂಗುವ ಪದ್ಧತಿ ಹೋಗಿ ವಿದ್ಯುತ್ ಮೈಕ್ರೊಫೋನು ಬಂದಿತ್ತು. ಕ್ಷಯದ ಶ್ವಾಸಕೋಶದಿಂದ ಬಂದ, ಪಕ್ಕದಲ್ಲಿ ಕೂತು ಮಾತಾಡಿದಂತಿರುವ ಆ ದನಿ ಉಳಿದದ್ದು ಮೈಕ್ರೊಫೋನಿನಿಂದ.

ಇನ್ನು ರಾಲ್ಫ್ ಪಿಯರ್. ಈ ಚರಿತ್ರೆಯಲ್ಲಿ ರಾಡ್ಜರ್ಸ್‌ನಷ್ಟೇ ಮುಖ್ಯ ವ್ಯಕ್ತಿ ಆತ. 1920ರಲ್ಲಿ ಒಕೆ ಎಂಬ ರೆಕಾರ್ಡು ಕಂಪನಿ ಕಪ್ಪು ಗಾಯಕಿ ಮ್ಯಾಮಿ ಸ್ಮಿತ್ ಹಾಡಿದ ಬ್ಲೂಸ್ ಹೊರತಂದು, ಕಪ್ಪು ಗಿರಾಕಿಗಳಿಗಾಗಿ ‘ರೇಸ್ ರೆಕಾರ್ಡ್ಸ್’ ಎಂಬ ವಿಭಾಗವನ್ನೇ ತೆರೆದಾಗ ಪಿಯರ್ ಆ ಕಂಪನಿಯಲ್ಲಿದ್ದ. 1923ರಲ್ಲಿ ಅಟ್ಲಾಂಟಾಕ್ಕೆ ಹೋಗಿ ಪಿಟೀಲು ವಾದಕ ಜಾನ್ ಕಾರ್ಸನ್‌ನನ್ನು ಮುದ್ರಿಸಿ, ದಕ್ಷಿಣದ ಬಿಳಿಯ ಗಿರಾಕಿಗಳ ‘ಹಿಲ್‌ಬಿಲಿ’ ವಿಭಾಗಕ್ಕೆ ದಾರಿ ಮಾಡಿದವನೂ ಅವನೇ. ಅಂದರೆ ಈ ಎರಡು ಸಂಗೀತಗಳ ನಡುವೆ ಇಂದು ನಮಗೆ ಕಾಣುವ ಗೋಡೆಯನ್ನು ಜನಾಂಗ ಭೇದದ ಕಾನೂನುಗಳಿದ್ದ ನಾಡಿನ ವ್ಯಾಪಾರ ಕಟ್ಟಿತು. ಹಾಡುವವರು ಕಟ್ಟಿದ್ದಲ್ಲ. ಹಾಡು ಒಂದೇ ಆಗಿದ್ದರೂ ಕ್ಯಾಟಲಾಗ್ ಎರಡಾಯಿತು.

ಪಿಯರ್‌ನ ಲೆಕ್ಕಾಚಾರ ಇನ್ನೂ ಆಳವಾದದ್ದು. ವಿಕ್ಟರ್ ಕಂಪನಿಯಿಂದ ಆತ ಸಂಬಳ ಕೇಳಲಿಲ್ಲ. ಮುದ್ರಿಸಿದ ಹಾಡುಗಳ ಹಕ್ಕು ತನ್ನ ಕೈಯಲ್ಲಿರಲಿ ಎಂದ. ಗಾಯಕನಿಗೆ ರೆಕಾರ್ಡಿನ ಒಂದು ಬದಿಗೆ 50 ಡಾಲರ್, ಮೇಲೆ ಮಾರಾಟದಲ್ಲಿ ಸಣ್ಣ ಪಾಲು. ಆದರೆ ಹಾಡು ಹೊಸದಾಗಿರಬೇಕು, ಇಲ್ಲವೇ ಹೊಸದೆಂದು ನೋಂದಾಯಿಸಲು ಬರುವಂತಿರಬೇಕು. ಇದರಿಂದ ಆದ ಪರಿಣಾಮ ದೊಡ್ಡದು. ಕೂಲಿಗಳ ಬಾಯಲ್ಲಿ, ಬೀದಿ ಹಾಡುಗಾರರ ಬಾಯಲ್ಲಿ ಒಡೆಯರಿಲ್ಲದೆ ಓಡಾಡುತ್ತಿದ್ದ ಸಾಲುಗಳಿಗೆ ಒಬ್ಬ ಕರ್ತೃ ಹುಟ್ಟಿದ. ಸಂಗೀತದ ಲಿಪಿ ಓದಲು ಬಾರದ ರಾಡ್ಜರ್ಸ್‌ಗೆ ಹಲವು ಹಾಡುಗಳನ್ನು ಬರೆದು, ಹೊಂದಿಸಿ ಕೊಟ್ಟವರು ಹೆಂಡತಿಯ ಅಕ್ಕ ಎಲ್ಸಿ ಮ್ಯಾಕ್‌ವಿಲಿಯಮ್ಸ್. ಅವುಗಳಲ್ಲಿ ಎಷ್ಟೋ ಹಾಡುಗಳ ಮೇಲೆ ಆಕೆಯ ಹೆಸರೇ ಇಲ್ಲ. ಕಪ್ಪು ಗ್ಯಾಂಗ್‌ಮನ್‌ಗಳದಂತೂ ಕೇಳುವುದೇ ಬೇಡ.

1927ರ ನವೆಂಬರ್ 30ರಂದು ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಮುದ್ರಣವಾದ ‘ಬ್ಲೂ ಯೋಡೆಲ್’ ಆತನ ಅದೃಷ್ಟ ತೆರೆಯಿತು. ಲಕ್ಷಗಟ್ಟಲೆ ಪ್ರತಿ ಮಾರಿದ ಆ ಹಾಡಿನ ಕಟ್ಟು ನೇರವಾಗಿ ಕಪ್ಪು ಜನರ ಬ್ಲೂಸ್: ಮೊದಲ ಸಾಲು ಎರಡು ಸಲ, ಮೂರನೆಯದರಲ್ಲಿ ಉತ್ತರ. ಪ್ರತಿ ಪದ್ಯದ ಕೊನೆಗೆ ಎದೆಯ ದನಿಯಿಂದ ಕಳ್ಳದನಿಗೆ ಥಟ್ಟನೆ ಜಿಗಿಯುವ ಯೋಡೆಲ್. ಯೋಡೆಲ್ ಆಲ್ಪ್ಸ್ ಪರ್ವತದ ದನಗಾಹಿಗಳ ಕೂಗು. 19ನೆಯ ಶತಮಾನದ ತಿರುಗು ಮೇಳಗಳ ಜೊತೆ ಅಮೆರಿಕಕ್ಕೆ ಬಂದು ಅಣಕು ವೇದಿಕೆಗಳಲ್ಲಿ ನೆಲೆ ನಿಂತಿತ್ತು. 1924ರಲ್ಲೇ ರೈಲಿ ಪಕೆಟ್ ಎಂಬ ಕುರುಡ ಗಾಯಕ ರೆಕಾರ್ಡಿನಲ್ಲಿ ಯೋಡೆಲ್ ಮಾಡಿದ್ದ. ರಾಡ್ಜರ್ಸ್ ಅದನ್ನು ಕಂಡುಹಿಡಿದವನಲ್ಲ. ಆತನ ಸಾಧನೆ ಬೇರೆ: ಚಮತ್ಕಾರವಾಗಿದ್ದ ಯೋಡೆಲನ್ನು ಆತ ನಿಟ್ಟುಸಿರನ್ನಾಗಿ ಮಾಡಿದ. ಮಾತು ಮುಗಿದ ಮೇಲೆ ಉಳಿಯುವ ನೋವನ್ನು ಹೇಳುವ ದಾರಿ ಅದಾಯಿತು. ಇದು ಯಾರಿಂದಲೂ ಎರವಲು ತಂದದ್ದಲ್ಲ ಎಂದೇ ನನ್ನ ತೀರ್ಮಾನ.

ಮುಂದಿನ ಆರು ವರ್ಷಗಳ ಮುದ್ರಣಗಳಲ್ಲಿ ಯಾರು ಯಾರು ಬಂದರು ನೋಡಿ. 1928ರ ಅಕ್ಟೋಬರಿನಲ್ಲಿ ಅಟ್ಲಾಂಟಾದಲ್ಲಿ ಕಾರ್ನೆಟ್, ಕ್ಲಾರಿನೆಟ್, ಸ್ಟೀಲ್ ಗಿಟಾರು ಸೇರಿದ ಜಾಸ್ ಛಾಯೆಯ ತಂಡ. ಅಂದು ಮುದ್ರಣವಾದ, ರೈಲಿಗೆ ಕಾಯುವ ಅಲೆಮಾರಿಯ ಹಾಡಿನ ಮೂಲ ಬ್ರಿಟನ್ನಿನ ಹಳೆಯ ಬೀದಿಹಾಡಿನವರೆಗೆ ಹೋಗುತ್ತದೆ. 1929ರಲ್ಲಿ ಹವಾಯಿಯ ಸ್ಟೀಲ್ ಗಿಟಾರು ವಾದಕ ಜೋ ಕೈಪೊ. 1930ರಲ್ಲಿ ಲಾನಿ ಮೆಕಿಂಟೈರ್‌ನ ಹವಾಯಿ ತಂಡ. 1931ರಲ್ಲಿ ಲೂಯಿವಿಲ್‌ನಲ್ಲಿ ಒಂದು ಕಡೆ ಕಾರ್ಟರ್ ಕುಟುಂಬ, ಇನ್ನೊಂದು ಕಡೆ ಜಾಡಿ ಊದಿ ನುಡಿಸುವ ಕಪ್ಪು ವಾದಕರ ತಂಡ, ಜೊತೆಗೆ ಕಪ್ಪು ಗಿಟಾರು ವಾದಕ ಕ್ಲಿಫರ್ಡ್ ಗಿಬ್ಸನ್. ಹೋಟೆಲು, ರೈಲು, ಶಾಲೆ ಎಲ್ಲದರಲ್ಲೂ ಕಪ್ಪು ಬಿಳುಪು ಬೇರೆಯಾಗಿದ್ದ ಕಾಲದಲ್ಲಿ ಈ ಮುದ್ರಣದ ಕೋಣೆಗಳು ತೆರೆದೇ ಇದ್ದವು.

ಇವೆಲ್ಲದರ ಶಿಖರ 1930ರ ಜುಲೈ 16, ಹಾಲಿವುಡ್. ಆ ದಿನ ‘ಬ್ಲೂ ಯೋಡೆಲ್ ನಂ. 9’ ಹಾಡಿದ ರಾಡ್ಜರ್ಸ್‌ಗೆ ಟ್ರಂಪೆಟ್ ನುಡಿಸಿದವನು ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೊ ಆತನ ಹೆಂಡತಿ ಲಿಲ್ ಹಾರ್ಡಿನ್. ಹಾಡನ್ನು ಕೇಳಿದರೆ ಸ್ವಾರಸ್ಯ ಸಿಗುತ್ತದೆ. ರಾಡ್ಜರ್ಸ್ ತಾಳದ ಲೆಕ್ಕಕ್ಕೆ ಕಟ್ಟುಬೀಳುವವನಲ್ಲ, ಮನಸ್ಸಿಗೆ ಬಂದಲ್ಲಿ ಅರ್ಧ ಮಾತ್ರೆ ನಿಲ್ಲುತ್ತಾನೆ, ಮುನ್ನುಗ್ಗುತ್ತಾನೆ. ಆರ್ಮ್‌ಸ್ಟ್ರಾಂಗ್ ಆ ಏರುಪೇರನ್ನು ತಿದ್ದಲು ಹೋಗುವುದಿಲ್ಲ. ದನಿ ಬಿಟ್ಟ ಜಾಗದಲ್ಲಿ ಟ್ರಂಪೆಟ್ ಮೆಲ್ಲನೆ ಬಂದು ಕೂರುತ್ತದೆ, ದನಿ ಬಂದೊಡನೆ ಸರಿದು ದಾರಿ ಕೊಡುತ್ತದೆ. ಜಾಸ್ ಮತ್ತು ಕಂಟ್ರಿ ಎಂಬ ಎರಡು ಲೋಕಗಳ ಇಬ್ಬರು ದೊಡ್ಡವರು ಒಂದೇ ಮನೆಯ ಮಾತು ಆಡಿದ ಮೂರು ನಿಮಿಷ ಅದು. ರೆಕಾರ್ಡಿನ ಲೇಬಲ್ಲಿನಲ್ಲಿ ಆರ್ಮ್‌ಸ್ಟ್ರಾಂಗ್ ಹೆಸರಿಲ್ಲ. ಆತನ ಒಪ್ಪಂದ ಒಕೆ ಕಂಪನಿಯೊಂದಿಗೆ ಇತ್ತು ಎಂಬ ಕಾರಣ ಸಾಕಾಗಬಹುದು. ಆದರೆ ಪರಿಣಾಮ ಅದೇ: ದಶಕಗಳ ಕಾಲ ಕೇಳುಗರು ಆ ಟ್ರಂಪೆಟ್ಟನ್ನು ಅನಾಮಿಕನದೆಂದು ಕೇಳಿದರು. 1970ರಲ್ಲಿ ಕಂಟ್ರಿ ಗಾಯಕ ಜಾನಿ ಕ್ಯಾಶ್ ತನ್ನ ಟೆಲಿವಿಷನ್ ಕಾರ್ಯಕ್ರಮಕ್ಕೆ ಆರ್ಮ್‌ಸ್ಟ್ರಾಂಗ್‌ನನ್ನು ಕರೆಸಿ, ಆ ಮುದ್ರಣದ ಕತೆ ಎತ್ತಿ, ಅದೇ ಹಾಡನ್ನು ಜೊತೆಗೆ ಹಾಡಿದ.

ಹಣ ಬಂತು, ಹೋಯಿತು. 1929ರಲ್ಲಿ ‘ಹಾಡುವ ಬ್ರೇಕ್‌ಮನ್’ ಎಂಬ ಕಿರುಚಿತ್ರದಲ್ಲಿ ಕಾಣಿಸಿಕೊಂಡ. ಒಣಹವೆಗೆ ಹೆಸರಾದ ಟೆಕ್ಸಸ್‌ನ ಕೆರ್‌ವಿಲ್‌ನಲ್ಲಿ ದೊಡ್ಡ ಮನೆ ಕಟ್ಟಿಸಿದ, ಮೂರೇ ವರ್ಷದಲ್ಲಿ ಅದನ್ನು ಬಿಟ್ಟು ಸ್ಯಾನ್ ಆಂಟೋನಿಯೊಕ್ಕೆ ಬಂದ. ಆರ್ಥಿಕ ಕುಸಿತದಿಂದ ಅಮೆರಿಕದ ರೆಕಾರ್ಡು ಮಾರಾಟ 1927ರ ಸುಮಾರು 10 ಕೋಟಿಯಿಂದ 1932ರಲ್ಲಿ 60 ಲಕ್ಷದ ಆಸುಪಾಸಿಗೆ ಬಿದ್ದಿತ್ತು. 1931ರಲ್ಲಿ ತನ್ನ ರೋಗವನ್ನೇ ವಸ್ತು ಮಾಡಿಕೊಂಡು ಕ್ಷಯದ ಬ್ಲೂಸ್ ಹಾಡಿದ. ಕ್ಷಯ ಎಂದರೆ ಮನೆಯವರೇ ಬಾಯಿಬಿಡದ ಕಾಲ ಅದು.

1933ರ ಮೇ ತಿಂಗಳಲ್ಲಿ ಕೊನೆಯ ಮುದ್ರಣಕ್ಕೆ ನ್ಯೂಯಾರ್ಕಿಗೆ ಹೋದಾಗ ಜೊತೆಗೆ ದಾದಿಯೊಬ್ಬರಿದ್ದರು. ಹಾಡು ಹಾಡಿಗೂ ನಡುವೆ ಮಲಗಲು ಸ್ಟುಡಿಯೊದಲ್ಲೇ ಮಂಚ ಹಾಕಿದ್ದರು. 24ರಂದು ಜೊತೆಯ ವಾದಕರು ಮುಗಿಸಿದ ಮೇಲೆ ಕಟ್ಟಕಡೆಯ ಹಾಡನ್ನು ಬ್ರಿಸ್ಟಲ್‌ನಲ್ಲಿ ಹಾಡಿದಂತೆಯೇ ಒಬ್ಬನೇ, ತನ್ನ ಗಿಟಾರಿನೊಂದಿಗೆ ಹಾಡಿದ. ಎರಡು ದಿನದ ಮೇಲೆ, 26ರ ನಸುಕಿನಲ್ಲಿ, ಟ್ಯಾಫ್ಟ್ ಹೋಟೆಲಿನ ಕೋಣೆಯಲ್ಲಿ ತೀರಿಕೊಂಡ. ವಯಸ್ಸು 35. ದೇಹ ರೈಲಿನಲ್ಲೇ ಮೆರಿಡಿಯನ್‌ಗೆ ಬಂತು. ನೂರಕ್ಕೂ ಹೆಚ್ಚು ಹಾಡುಗಳು ಉಳಿದವು.

ಆ ಹಾಡುಗಳು ಮುಂದೆ ನಡೆದ ದಾರಿ ಕ್ಯಾಟಲಾಗಿನ ಗೋಡೆಗಳನ್ನು ಮತ್ತೆ ಮತ್ತೆ ದಾಟಿತು. ಕಂಟ್ರಿ ಗಾಯಕರಾದ ಜೀನ್ ಆಟ್ರಿ, ಅರ್ನೆಸ್ಟ್ ಟಬ್ ಆತನನ್ನು ಅನುಕರಿಸುತ್ತಲೇ ಬೆಳೆದರು; ಕ್ಯಾರಿ ಗಂಡನ ಮಾರ್ಟಿನ್ ಗಿಟಾರನ್ನೇ ಟಬ್ ಕೈಗೆ ಕೊಟ್ಟಳು. ಚಿಕಾಗೊ ಬ್ಲೂಸಿನ ಹೌಲಿನ್ ವುಲ್ಫ್, ರಾಡ್ಜರ್ಸ್‌ನಂತೆ ಯೋಡೆಲ್ ಮಾಡಲು ಹೋಗಿ ಬಾರದೆ ತನ್ನ ಊಳು ಹುಟ್ಟಿತು ಎಂದು ಹೇಳಿಕೊಂಡಿದ್ದ: ಕಪ್ಪು ಕೂಲಿಗಳಿಂದ ಬಿಳಿಯನಿಗೆ ಬಂದದ್ದು ಮತ್ತೆ ಕಪ್ಪು ಗಾಯಕನಿಗೆ ಮರಳಿತು. 1950ರಲ್ಲಿ ಸಂಗೀತ ಸಂಗ್ರಾಹಕ ಹ್ಯೂ ಟ್ರೇಸಿ ಕೀನ್ಯಾದಲ್ಲಿ ಕಿಪ್ಸಿಗಿಸ್ ಹುಡುಗಿಯರು ‘ಚೆಮಿರೋಚ’ ಎಂಬ ಅರೆಮನುಷ್ಯ ಅರೆಜಿಂಕೆಯನ್ನು ಕುಣಿಯಲು ಕರೆಯುವ ಹಾಡನ್ನು ಮುದ್ರಿಸಿಕೊಂಡರು. ‘ಚೆಮಿರೋಚ’ ಎಂಬುದು ಗ್ರಾಮಫೋನಿನಲ್ಲಿ ಕೇಳಿದ ಜಿಮಿ ರಾಡ್ಜರ್ಸ್‌ನ ಹೆಸರು.

ಭಾರತಕ್ಕೂ ಆತ ಬಂದಿದ್ದ, ರೆಕಾರ್ಡಿನ ರೂಪದಲ್ಲಿ. ಗ್ರಾಮಫೋನ್ ಕಂಪನಿಯ ಅಗ್ಗದ ‘ಟ್ವಿನ್’ ಮುದ್ರೆಯಲ್ಲಿ ಆತನ ಹಾಡುಗಳು ಇಲ್ಲಿ ಮಾರಾಟವಾದವು. ಅಣ್ಣ ಅನೂಪ್ ಕುಮಾರ್ ಇಟ್ಟುಕೊಂಡಿದ್ದ ರಾಡ್ಜರ್ಸ್ ಮತ್ತು ಟೆಕ್ಸ್ ಮಾರ್ಟನ್ ರೆಕಾರ್ಡುಗಳನ್ನು ಕೇಳಿಯೇ ಕಿಶೋರ್ ಕುಮಾರ್ ಯೋಡ್ಲಿಂಗ್ ಕಲಿತರು ಎಂಬುದು ಅವರ ಬಗ್ಗೆ ಪ್ರಚಲಿತವಾಗಿರುವ ಮಾತು. 1972ರ ‘ಕುಳ್ಳ ಏಜೆಂಟ್ 000’ ಚಿತ್ರಕ್ಕೆ ರಾಜನ್-ನಾಗೇಂದ್ರ ಕಿಶೋರ್ ಅವರಿಂದ ಹಾಡಿಸಿದರು. ಕನ್ನಡಿಗರು ಆ ಗಾಯಕನನ್ನು ಕನ್ನಡದಲ್ಲೇ ಕೇಳಿದ್ದು ಹೀಗೆ.

ಈ ಲೇಖನಕ್ಕೆ ಆಧಾರವಾದದ್ದು ಲೇಬಲ್ಲುಗಳು, ಲೆಕ್ಕಪುಸ್ತಕಗಳು. ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಟ್ವಿನ್ ರೆಕಾರ್ಡುಗಳು ಇನ್ನೂ ಇರಬಹುದು. ಕಂಡರೆ ಗುಜರಿಗೆ ಹಾಕಬೇಡಿ. ಲೇಬಲ್ಲಿನ ಸಂಖ್ಯೆ, ಅಂಗಡಿಯ ಮುದ್ರೆ, ಕೊಂಡವರ ಹೆಸರು ಇದ್ದರೆ ಅದನ್ನೂ ಬರೆದಿಡಿ.