ಠಾಣೆಯಿಂದ ವಿಧಾನಸೌಧಕ್ಕೆ: ಹಿರೇಕೆರೂರಿನ ಬಿ.ಸಿ. ಪಾಟೀಲರು

ಅಕ್ಕಲಕೋಟದ ಕಡೆಯ ನಾವು ಓಟು ಹಾಕುವುದು ಮಹಾರಾಷ್ಟ್ರದ ವಿಧಾನಸಭೆಗೆ. ಆದರೂ 1956ರ ತನಕ ಧಾರವಾಡ ಜಿಲ್ಲೆ, ನಮ್ಮ ಸೊಲ್ಲಾಪುರ ಜಿಲ್ಲೆ ಎರಡೂ ಒಂದೇ ಮುಂಬಯಿ ರಾಜ್ಯದಾಗ ಇದ್ದವು. ಹಿಂಗಾಗಿ ಆ ಕಡಿ ರಾಜಕಾರಣದ ಸುದ್ದಿ ಬಂದರೆ ಪರವೂರಿನದು ಅಂತ ನಾನು ಪೇಪರು ಮಡಚಿಡುವುದಿಲ್ಲ. ಹಳೇ ಧಾರವಾಡ ಜಿಲ್ಲೆ ಒಡೆದು 1997ರಲ್ಲಿ ಹಾವೇರಿ ಜಿಲ್ಲೆ ಆಯಿತು. ಹಿರೇಕೆರೂರು ಅಲ್ಲಿಯ ತಾಲೂಕು.

ಬಿ.ಸಿ. ಪಾಟೀಲರು ಮೊದಲು ಪೊಲೀಸ್ ಅಧಿಕಾರಿ. ನೌಕರಿಯ ಜೊತೆಗೇ ಸಿನಿಮಾಕ್ಕೆ ಬಂದರು. 1998ರ 'ಕೌರವ' ಎಷ್ಟು ನಡೆಯಿತೆಂದರೆ ಮಂದಿ ಅವರನ್ನು ಕೌರವ ಪಾಟೀಲ ಅಂತಲೇ ಕರೆದರು. 2004ರಲ್ಲಿ ಜನತಾದಳ (ಜಾತ್ಯತೀತ)ದಿಂದ ಹಿರೇಕೆರೂರಿನ ಶಾಸಕರಾದರು, 2008ರಲ್ಲಿ ಕಾಂಗ್ರೆಸ್ಸಿನಿಂದ. ಖಾಕಿ ಬಿಟ್ಟು ಖಾದಿ ತೊಟ್ಟವರು ಬೇರೆಯವರೂ ಇದ್ದಾರೆ. ಇವರ ಕಥಿ ನನಗೆ ಮುಖ್ಯ ಅನಿಸುವುದು ಬೇರೆ ಕಾರಣಕ್ಕೆ.

ಅದೇ 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ಸತ್ತರು. ಮಳಿ ಆಗಿ ಬಿತ್ತುವ ಹೊತ್ತಿಗೆ ಗೊಬ್ಬರ ಸಿಗದಿದ್ದರೆ ಒಕ್ಕಲಿಗನ ಜೀವ ಹೆಂಗ ಆಗತೈತಿ ಅನ್ನೋದು ಗಡಿಯ ಆಚೆ ಈಚೆ ಬೇರೆ ಇಲ್ಲ. ಆಗ ಮುಖ್ಯಮಂತ್ರಿ ಯಡಿಯೂರಪ್ಪನವರು, ಅಧಿಕಾರಕ್ಕೆ ಬಂದು ಎರಡು ವಾರವೂ ಆಗಿರಲಿಲ್ಲ. ಪಾಟೀಲರು ಆಗ ವಿರೋಧ ಪಕ್ಷದ ಶಾಸಕರು. ಹನ್ನೆರಡು ವರ್ಷದ ಮೇಲೆ, 2020ರ ಫೆಬ್ರುವರಿಯಲ್ಲಿ, ಅದೇ ಯಡಿಯೂರಪ್ಪನವರ ಸಂಪುಟದಲ್ಲಿ ಅದೇ ಜಿಲ್ಲೆಯ ಈ ಮಾಜಿ ಪೊಲೀಸ್ ಅಧಿಕಾರಿ ಕೃಷಿ ಮಂತ್ರಿಯಾದರು. ಗೊಬ್ಬರದ ಚಿಂತೆ ಈಗ ಅವರ ಮೇಜಿಗೆ ಬಂತು. 'ರೈತರೊಂದಿಗೆ ಒಂದು ದಿನ' ಅಂತ ಹೊಲಕ್ಕೆ ಇಳಿದರು. ಅದರಾಗ ಕ್ಯಾಮೆರಾದ ಪಾಲೂ ಇತ್ತು ಅನ್ನಿ, ನಟರಲ್ಲವೇ!

ಆ ಕುರ್ಚಿಗೆ ಬಂದ ದಾರಿ ಮಾತ್ರ ಸಲೀಸು ಇರಲಿಲ್ಲ. 2013ರಲ್ಲಿ ಯು.ಬಿ. ಬಣಕಾರರ ಎದುರು ಸೋತಿದ್ದರು. 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತು, ಬಿಜೆಪಿಯಲ್ಲಿದ್ದ ಬಣಕಾರರನ್ನು ಬರೇ 555 ಮತದಿಂದ ಸೋಲಿಸಿದರು. ಮರುವರ್ಷ ರಾಜೀನಾಮೆ ಕೊಟ್ಟ ಶಾಸಕರ ಗುಂಪಿನಲ್ಲಿ ಇವರೂ ಇದ್ದರು. ಕುಮಾರಸ್ವಾಮಿ ಸರಕಾರ 99-105ರಲ್ಲಿ ಬಿತ್ತು. ಸಭಾಧ್ಯಕ್ಷ ರಮೇಶ ಕುಮಾರ 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂದಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಅಂತಲೂ ಹೇಳಿತು. ಡಿಸೆಂಬರಿನಲ್ಲಿ ಬಿಜೆಪಿಯಿಂದ ನಿಂತು ಗೆದ್ದರು.

ಠಾಣೆಯಲ್ಲಿ ಹುಕುಂ ಮೇಲಿಂದ ಬರುತ್ತದೆ. ಶಾಸಕನಿಗೆ ಅದು ಕೆಳಗಿನಿಂದ, ಓಟು ಹಾಕಿದವರಿಂದ ಬರಬೇಕು. ಪಕ್ಷ ಬಿಟ್ಟವರು ಮತ್ತೆ ಜನರ ಮುಂದೆ ಹೋಗಿ ನಿಂತರಲ್ಲ, ಅಷ್ಟರ ಮಟ್ಟಿಗೆ ಸರಿ. ಆದರೆ ನಡುವರ್ಷದ ಚುನಾವಣೆಯ ಖರ್ಚು ಬೀಳುವುದು ಜನರ ಮೇಲೆಯೇ. ಕೋರ್ಟು ಬಿಟ್ಟ ಈ ಸಂದಿ ನನಗೆ ಇಂದಿಗೂ ಒಪ್ಪಿಗೆಯಿಲ್ಲ.

2023ರಲ್ಲಿ ಅದೇ ಇಬ್ಬರು ಮತ್ತೆ ಎದುರುಬದುರಾದರು, ಬಾವುಟ ಮಾತ್ರ ಅದಲು ಬದಲು. ಪಾಟೀಲರು ಬಿಜೆಪಿ, ಬಣಕಾರರು ಕಾಂಗ್ರೆಸ್. ಗೆದ್ದವರು ಬಣಕಾರರು.