ಮರೆ ಮತ್ತು ತಂಪು: ಕೈರೋ ನಗರದ ಹಳೆಯ ಮನೆಗಳು

ವಾಸ್ತುಶಿಲ್ಪದ ಇತಿಹಾಸವನ್ನು ಬರೆಯುವವರ ದೃಷ್ಟಿ ದೇಗುಲ, ಮಸೀದಿ, ಅರಮನೆ, ಗೋರಿಗಳ ಮೇಲೆ ನೆಟ್ಟಿರುವಷ್ಟು ಜನ ಬಾಳಿದ ಮನೆಗಳ ಮೇಲೆ ನೆಟ್ಟಿಲ್ಲ. ಈಜಿಪ್ಟಿನ ಕೈರೋ ನಗರದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಗುಮ್ಮಟ ಮಿನಾರುಗಳ ವರ್ಣನೆಗೆ ಹತ್ತು ಪುಟ ದೊರೆತರೆ ಮನೆಗೆ ದೊರೆಯುವುದು ಒಂದು ಪರಿಚ್ಛೇದ; ಅದರಲ್ಲಿಯೂ ಮನೆಯ ಜಾಲಂಧ್ರಗಳನ್ನು ಸ್ತ್ರೀಯರ ಗೋಷಾ ಪದ್ಧತಿಯ ಗುರುತೆಂದು ಹೇಳಿ ಮುಗಿಸುವುದು ವಾಡಿಕೆ. ಇದಕ್ಕೆ ವಿರುದ್ಧವಾಗಿ ಅವನ್ನು ಕೇವಲ ಗಾಳಿಯ ಉಪಾಯವೆಂದು ಹೊಗಳುವವರೂ ಈಚೆಗೆ ಹೊರಟಿದ್ದಾರೆ. ಎರಡು ಮತಗಳೂ ಅರ್ಧ ಮಾತ್ರ ಸತ್ಯವೆಂದು ನಮಗೆ ತೋರುತ್ತದೆ. ಆ ಮನೆಗಳಲ್ಲಿ ಮರೆಯನ್ನು ಕೊಟ್ಟ ಅಂಗವೇ ತಂಪನ್ನೂ ಕೊಟ್ಟಿತು. ಒಂದನ್ನು ಕಳಚಿದಾಗ ಇನ್ನೊಂದೂ ಕಳಚಿಹೋಯಿತು.

ಹಳೆಯ ಊರಿನ ದರ್ಬ್ ಅಲ್-ಅಸ್ಫರ್ ಎಂಬ ಓಣಿಯಲ್ಲಿ ಸುಹೈಮಿಯ ಮನೆ ಎಂದು ಹೆಸರಾದ ಗೃಹವೊಂದು ಇಂದಿಗೂ ನಿಂತಿದೆ. ಅದರ ಹಳೆಯ ಭಾಗ 1648ರಲ್ಲಿ ಕಟ್ಟಿದುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದು ವಿಸ್ತಾರಗೊಂಡಿತು. ಬೀದಿಯ ಬಾಗಿಲನ್ನು ದಾಟಿದವನಿಗೆ ಮೊದಲು ಎದುರಾಗುವುದು ಗೋಡೆ. ದಾರಿ ಅಲ್ಲಿ ತಿರುಗಿ ಅನಂತರ ಅಂಗಳಕ್ಕೆ ತೆರೆಯುತ್ತದೆ. ಬೀದಿಯಲ್ಲಿ ಹೋಗುವವನ ಕಣ್ಣು ಒಳಹೊಗದಂತೆ ಮಾಡಿದ ಉಪಾಯವಿದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ತಿರುವು ಬೀದಿಯ ಬಿಸಿಗಾಳಿಯನ್ನೂ ಧೂಳನ್ನೂ ತಡೆಯುತ್ತದೆ. ಆಕಾಶಕ್ಕೆ ತೆರೆದ ಅಂಗಳದಲ್ಲಿ ರಾತ್ರಿ ತಣಿದ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ. ನಾಲ್ಕು ಕಡೆಯೂ ಎತ್ತರವಾದ ಗೋಡೆಗಳಿರುವುದರಿಂದ ಮರುದಿನ ಬಹಳ ಹೊತ್ತಿನವರೆಗೆ ಚದುರದೆ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯನ್ನು ಕಂಡವರಿಗೆ ಇಂಥ ಒಳ ಅಂಗಳ ಅಪರಿಚಿತವಲ್ಲ. ಆದರೆ ತೊಟ್ಟಿಯು ಇಳಿಜಾರು ಸೂರುಗಳಿಂದ ಬೀಳುವ ಮಳೆನೀರನ್ನು ಬರಮಾಡಿಕೊಳ್ಳುವ ಸ್ಥಳ. ಕೈರೋದಲ್ಲಾದರೋ ಮಳೆ ಅತ್ಯಲ್ಪ. ಅಲ್ಲಿಯ ಅಂಗಳ ತುಂಬಿಕೊಳ್ಳುವುದು ನೀರನ್ನಲ್ಲ, ಇರುಳಿನ ತಂಪನ್ನು.

ಈ ಅಂಗಳದ ಒಂದು ಬದಿಗೆ ‘ತಖ್ತಬೂಷ್’ ಎಂಬ ಮೊಗಸಾಲೆಯುಂಟು. ಅದರ ಮುಂಭಾಗ ಅಂಗಳಕ್ಕೆ ತೆರೆದಿದೆ. ಹಿಂಭಾಗ ಮರದ ಜಾಲಂಧ್ರದ ಮೂಲಕ ಹಿತ್ತಲಿನ ತೋಟಕ್ಕೆ ತೆರೆದಿದೆ. ತೋಟ ವಿಶಾಲವಾದುದರಿಂದ ಅಲ್ಲಿ ನೆರಳು ಕಡಿಮೆ. ಗಾಳಿ ಬೇಗ ಕಾದು ಮೇಲೇರುತ್ತದೆ. ಅದರ ಸ್ಥಾನವನ್ನು ತುಂಬಲು ಅಂಗಳದ ತಣ್ಣನೆಯ ಗಾಳಿ ಮೊಗಸಾಲೆಯನ್ನು ಹಾದುಹೋಗುತ್ತದೆ. ಯಜಮಾನನು ಅತಿಥಿಗಳನ್ನು ಎದುರುಗೊಂಡು ಕೂಡುತ್ತಿದ್ದುದು ಇಲ್ಲಿ. ಮನೆಯ ತಂಪಾದ ಸ್ಥಳಗಳಲ್ಲೊಂದನ್ನು ಹೊರಗಿನವರಿಗೆ ಬಿಟ್ಟುಕೊಟ್ಟು, ಅವರು ಇನ್ನೂ ಒಳಗೆ ಬರುವ ಅಗತ್ಯವೇ ಉಂಟಾಗದಂತೆ ಮಾಡಿದ ಜಾಣತನ ಗಮನಾರ್ಹವಾಗಿದೆ.

‘ಮಶ್ರಬಿಯಾ’ ಎಂಬ ಜಾಲಂಧ್ರದ ವಿಚಾರ ಇನ್ನೂ ಸ್ವಾರಸ್ಯವಾದುದು. ಈ ಹೆಸರು ಕುಡಿಯುವುದು ಎಂಬರ್ಥದ ಅರಬ್ಬೀ ಧಾತುವಿನಿಂದ ಬಂದುದೆಂಬುದು ಪ್ರಚಲಿತ ಮತ. ಗಾಳಿ ಆಡುವ ಆ ಗೂಡಿನಲ್ಲಿ ಕುಡಿಯುವ ನೀರಿನ ಮಣ್ಣಿನ ಹೂಜಿಗಳನ್ನು ಇಡುತ್ತಿದ್ದರು. ಒಳ್ಳೆಯ ಮರ ಈಜಿಪ್ಟಿನಲ್ಲಿ ದುರ್ಲಭ. ಆದುದರಿಂದ ಬಡಗಿಗಳು ಚೂರುಪಾರು ಮರವನ್ನು ಕಡಸಲು ಹಿಡಿದು, ಸಣ್ಣ ಗುಂಡು ತುಂಡುಗಳಾಗಿ ಮಾಡಿ, ಒಂದಕ್ಕೊಂದು ಸೇರಿಸಿದರು. ಬಿಸಿಲಿಗೆ ಮರ ಹಿಗ್ಗಿ ಕುಗ್ಗಿದರೂ ಇಂತಹ ಜೋಡಣೆ ಸೀಳುವುದಿಲ್ಲ. ಕಣ್ಣಿನ ಮಟ್ಟದಲ್ಲಿ ಕಂಡಿಗಳು ಕಿರಿದು, ಮೇಲಕ್ಕೆ ಹೋದಂತೆ ಹಿರಿದು. ಕೆಳಗಿನವು ಬಿಸಿಲ ಝಳವನ್ನು ಮುರಿದರೆ ಮೇಲಿನವು ಗಾಳಿ ಬೆಳಕುಗಳನ್ನು ಬಿಡುತ್ತವೆ. ಒಳಗೆ ಮಬ್ಬು, ಹೊರಗೆ ಪ್ರಖರ ಬೆಳಕು. ಹೀಗಾಗಿ ಒಳಗಿದ್ದವಳು ಬೀದಿಯನ್ನೆಲ್ಲ ನೋಡಬಹುದು, ಬೀದಿ ಅವಳನ್ನು ನೋಡಲಾರದು. (ದೀಪ ಹಚ್ಚಿದ ಮೇಲೆ ಈ ನ್ಯಾಯ ತಿರುಗುಮುರುಗಾಗುತ್ತದೆ, ಜಾಲಂಧ್ರವನ್ನು ಹೊಗಳುವವರು ಇದನ್ನು ಹೇಳುವುದಿಲ್ಲ.) ಬಿಸಿಲಿಗೆ ಒಡ್ಡಿದ ತಡೆಯೇ ನೋಟಕ್ಕೂ ತಡೆಯಾಯಿತು. ಮಾಳಿಗೆಯ ಮೇಲೆ ಉತ್ತರದ ಗಾಳಿಗೆ ಬಾಯಿ ತೆರೆದು ನಿಂತ ‘ಮಲ್ಕಫ್’ ಎಂಬ ಗಾಳಿಗೂಡನ್ನು ಎಡ್ವರ್ಡ್ ಲೇನನು 1836ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಬೀದಿಗೆ ಕಿಟಕಿಯಿಡದೆ ಆಕಾಶದಿಂದಲೇ ಗಾಳಿಯನ್ನು ಇಳಿಸುವ ಈ ಸಾಧನದ ತತ್ತ್ವವೂ ಅದೇ.

ಆದರೆ ಇದು ಕೈರೋ ಜನರೆಲ್ಲರ ಮನೆಯೆಂದು ಭಾವಿಸಬಾರದು. ಸುಹೈಮಿಯ ಮನೆ ಸಿರಿವಂತರದು. ನಗರದ ನ್ಯಾಯಾಲಯದ ದಫ್ತರುಗಳಲ್ಲಿ ಮನೆಗಳ ಕ್ರಯಪತ್ರಗಳು ಕೋಣೆ ಕೋಣೆಯ ವಿವರದೊಡನೆ ದೊರೆಯುತ್ತವೆ. ಅವುಗಳ ಆಧಾರದಿಂದ ನೆಲ್ಲಿ ಹನ್ನಾ ಅವರು ಹದಿನೇಳು ಹದಿನೆಂಟನೆಯ ಶತಮಾನಗಳ ಮಧ್ಯಮ ದರ್ಜೆಯ ಮನೆಗಳನ್ನು ಕುರಿತು 1991ರಲ್ಲಿ ಗ್ರಂಥ ರಚಿಸಿದರು. ಅನೇಕರು ‘ರಬ್’ ಎಂಬ ಬಾಡಿಗೆಯ ವಠಾರಗಳಲ್ಲಿಯೂ, ಕಡುಬಡವರು ‘ಹೌಷ್’ ಎಂಬ ಬಯಲುಗಳ ಗುಡಿಸಲುಗಳಲ್ಲಿಯೂ ಇದ್ದರು. ತನ್ನದೇ ಅಂಗಳವಿಲ್ಲದವನಿಗೆ ಮರೆಯೂ ಅಷ್ಟಕ್ಕಷ್ಟೆ, ತಂಪೂ ಅಷ್ಟಕ್ಕಷ್ಟೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. ಖದೀವ ಇಸ್ಮಾಯಿಲನು (ಆಳ್ವಿಕೆ 1863–79) 1867ರಲ್ಲಿ ಪ್ಯಾರಿಸಿನ ಪ್ರದರ್ಶನಕ್ಕೆ ಹೋಗಿ ಅಲ್ಲಿಯ ನೇರವಾದ ಅಗಲ ಬೀದಿಗಳನ್ನು ಕಂಡು ಬಂದನು. ಹಳೆಯ ಊರಿಗೂ ನೈಲ್ ನದಿಗೂ ನಡುವೆ ಅದೇ ಮಾದರಿಯ ಹೊಸ ಬಡಾವಣೆ ಹುಟ್ಟಿತು. ಒಳಮುಖವಾಗಿದ್ದ ಮನೆ ಈಗ ಹೊರಮುಖವಾಯಿತು. ಬೀದಿಯ ಕಡೆಗೆ ಗಾಜಿನ ಕಿಟಕಿಗಳು ಬಂದವು. ಇದರಿಂದ ಹಿಂದೆ ಇಲ್ಲದ ಇಕ್ಕಟ್ಟೊಂದು ಉಂಟಾಯಿತು. ಕಿಟಕಿ ತೆರೆದರೆ ಗಾಳಿ ಬರುತ್ತದೆ, ಮರೆ ಹೋಗುತ್ತದೆ. ಮುಚ್ಚಿದರೆ ಮರೆ ಉಳಿಯುತ್ತದೆ, ಸೆಕೆ ಹೆಚ್ಚುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಪ್ರಸಂಗ ಹಳೆಯ ಮನೆಯವರಿಗೆ ಅಷ್ಟಾಗಿ ಬಂದಿರಲಿಲ್ಲ. ವಿದ್ಯುತ್ತಿನಿಂದ ತಂಪು ಮಾಡುವ ಯಂತ್ರವು ಕಿಟಕಿಯನ್ನು ಮುಚ್ಚಿಯೇ ಇಡಲು ಅನುವು ಮಾಡಿಕೊಟ್ಟಿತು. ಅದಕ್ಕೆ ತೆರುವ ಬೆಲೆ ತಿಂಗಳು ತಿಂಗಳೂ ಬರುತ್ತದೆ.

ಹಳೆಯ ಕ್ರಮವನ್ನು ಬಡವರಿಗೂ ಒದಗಿಸಲು ಹೊರಟವರು ವಾಸ್ತುಶಿಲ್ಪಿ ಹಸನ್ ಫತೀ (1900–1989). ಮೇಲೆ ಹೇಳಿದ ತಖ್ತಬೂಷಿನ ಗಾಳಿಯ ವಿವರಣೆ ಅವರದೇ. ಲಕ್ಸರ್ ಬಳಿಯ ಪ್ರಾಚೀನ ಗೋರಿಗಳ ಮೇಲೆ ವಾಸವಾಗಿದ್ದ ಗುರ್ನಾ ಗ್ರಾಮಸ್ಥರಿಗಾಗಿ ಅವರು 1940ರ ದಶಕದ ಉತ್ತರಾರ್ಧದಲ್ಲಿ ಹಸಿ ಇಟ್ಟಿಗೆಯ ಹೊಸ ಗ್ರಾಮವೊಂದನ್ನು, ಮನೆಗೊಂದು ಅಂಗಳವಿಟ್ಟು, ಕಟ್ಟಿಸತೊಡಗಿದರು. ಗೋರಿಗಳ ನೆರೆಯೇ ತಮ್ಮ ಜೀವನೋಪಾಯವಾಗಿದ್ದ ಜನ ಅಲ್ಲಿಂದ ಕದಲಲು ಒಪ್ಪಲಿಲ್ಲ. ಕೆಲಸ ಅರ್ಧಕ್ಕೆ ನಿಂತಿತು. ಇದನ್ನು ಮಣ್ಣಿನ ಮನೆಯ ಸೋಲೆಂದು ಹೇಳುವುದು ಸರಿಯಲ್ಲ. 1964ರಲ್ಲಿ ಕೈರೋದಲ್ಲಿ ಮಾದರಿ ಕೋಣೆಗಳನ್ನು ಕಟ್ಟಿ ಉಷ್ಣಮಾನವನ್ನು ಅಳೆದಾಗ, ಹಸಿ ಇಟ್ಟಿಗೆಯ ಕೋಣೆಯೊಳಗೆ ಹಗಲಿರುಳಿನ ವ್ಯತ್ಯಾಸ 2 ಡಿಗ್ರಿ ಸೆಲ್ಸಿಯಸ್ಸನ್ನು ಮೀರಲಿಲ್ಲ. ಸಿದ್ಧ ಕಾಂಕ್ರೀಟ್ ಹಲಗೆಗಳ ಕೋಣೆ ಮಧ್ಯಾಹ್ನ 36 ಡಿಗ್ರಿಗೆ ಏರಿ, ಹೊರಗಿನ ಗಾಳಿಗಿಂತಲೂ ಬಿಸಿಯಾಗಿತ್ತು. ಗುರ್ನಾದ ಜನ ನಿರಾಕರಿಸಿದುದು ತಂಪನ್ನಲ್ಲ. ತಮ್ಮನ್ನು ಕೇಳದೆ ಬೇರೆಯವರು ಗೊತ್ತುಮಾಡಿದ ಸ್ಥಳವನ್ನು.